ಕಡೇ ಒಲೆಯ ಊಟ

ಹ್ಞೂಂ ಅನ್ನೋರಿದ್ರೆ ಹೇಳ್ತೀನಿ, ಇಲ್ಲಾಂದ್ರೆ ಎದ್ದು ಹೋಗ್ತೀನಿ. ಒಂದು ಹೊಳೆ, ಈಚೆಗೊಂದು ರಾಜ್ಯ, ಆಚೆಗೊಂದು ರಾಜ್ಯ ಇತ್ತಂತೆ. ಈಚೆ ರಾಜನಿಗೆ ತೆರಿಗೆ ಹುಚ್ಚು. ಒಲೆಗೆ ತೆರಿಗೆ, ಕಿಟಕಿಗೆ ತೆರಿಗೆ, ಕೊನೆಗೆ ಮೀಸೆಗೂ ತೆರಿಗೆ! ಪುಟ್ಟಮಾದ ಅನ್ನೋ ರೈತ ಮೀಸೆಯೇನೋ ಬೋಳಿಸಿದನಂತೆ. ಒಲೆ ಬೋಳಿಸೋಕಾಗುತ್ತಾ?

ಆಗ ಆಚೆ ದಡದಿಂದ ಅವನ ಬಾಮೈದ ಹೊಂಬಾಳ ಓಡೋಡಿ ಬಂದ. “ಭಾವ, ನಮ್ಮೂರಲ್ಲಿ ತೆರಿಗೆಯೇ ಇಲ್ಲ. ಒಲೆ ಹೂಡಿ ಹಾಲುಕ್ಕಿಸಿದ್ರೆ ಸಾಕು, ನೀವೂ ಊರಿನವರೇ.”

“ನನ್ನ ತಮ್ಮ ಸುಮ್ಸುಮ್ನೆ ಬರೋನಲ್ಲ,” ಅಂದಳಂತೆ ಹೆಂಡತಿ ದುಂಡಮ್ಮ. ಇವನು ಕೇಳಬೇಕಲ್ಲ! ರಾಗಿ ಮೂಟೆ ಹೇರಿಕೊಂಡು ಹೊಳೆ ದಾಟಿ ಹಾಲುಕ್ಕಿಸಿಯೇ ಬಿಟ್ಟ.

ಮಾರನೇ ದಿನ ನೋಡಿದರೆ ಬಾಗಿಲ ತುಂಬ ಯಾರ್ಯಾರೋ ಜನ. ಊರ ಗೌಡ ಹೇಳಿದನಂತೆ: “ತೆರಿಗೆ ಇಲ್ಲಪ್ಪಾ, ಪದ್ಧತಿ ಒಂದಿದೆ. ಯಾರ ಮನೆಗೆ ನೆಂಟರು ಬಂದ್ರೂ, ನೆಂಟರೂ ಕರೆಸಿದವರೂ ಉಣ್ಣೋದು ಊರಿನ ಕಡೇ ಒಲೆಯಲ್ಲಿ, ಅಂದ್ರೆ ಎಲ್ಲರಿಗಿಂತ ಕೊನೇಲಿ ಬಂದವನ ಮನೇಲಿ. ಇನ್ನೊಬ್ಬ ಬಂದು ಒಲೆ ಹೂಡೋ ತನಕ ನಿಂದೇ ಸರದಿ.” ನಿನ್ನೆವರೆಗೂ ಆ ಸರದಿ ಯಾರದು ಅಂತೀರಿ? ಹೊಂಬಾಳನದು!

ಬಂದರಪ್ಪಾ ನೆಂಟರು! ಅತ್ತೆ ಕಡೆಯವರು, ಅತ್ತೆಯ ಅತ್ತೆ ಕಡೆಯವರು, ಉಂಡು ಹೋಗಿ ಪಂಚೆ ಬದಲಿಸಿಕೊಂಡು ಮತ್ತೆ ಬಂದವರು. ವಾಪಸ್ ಹೋಗೋಣವೆಂದರೆ, ಬಿಟ್ಟು ಹೋದವರಿಗೆ ಈಚೆ ರಾಜ್ಯದಲ್ಲಿ ದುಪ್ಪಟ್ಟು ತೆರಿಗೆ. ಕೊನೆಗೆ ಬಿತ್ತನೆ ರಾಗಿಯ ಮೂಟೆಯೊಂದೇ ಉಳೀತು. ದುಂಡಮ್ಮ ಅದರ ಮೇಲೆ ಹತ್ತಿ ಕೂತಳಂತೆ. “ಇದನ್ನೂ ಬೀಸಿದ್ರೆ ಬರೋ ವರ್ಷ ಮಣ್ಣು ತಿನ್ನಬೇಕು. ಹೋಗು, ಯಾರನ್ನಾದ್ರೂ ಕರ್ಕೊಂಡು ಬಾ!” ಅಂತ ಗೊಳೋ ಅಂದಳು.

ಪುಟ್ಟಮಾದ ಹೊಳೆ ದಾಟಿ ನೆಟ್ಟಗೆ ಹೋಗಿದ್ದು ಸುಂಕದವನ ಹತ್ತಿರ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅಂತಾರಲ್ಲ? ಇವನು ದುಃಖ ನುಂಗಿಕೊಂಡು ಸುಖ ಮಾತ್ರ ಹೇಳಿದನಂತೆ. “ಸ್ವಾಮೀ, ಅಲ್ಲಿ ಮೀಸೆಗೆ ಕಾಸಿಲ್ಲ, ಒಲೆಗೆ ಕಾಸಿಲ್ಲ. ದಿನಾ ಮನೆ ತುಂಬ ಜನ!” ಪಾಪ, ರಾಜ್ಯದಲ್ಲೇ ದೊಡ್ಡ ಮೀಸೆ ಸುಂಕದವನದು. ಸಂಬಳದ ಅರ್ಧ ಅದಕ್ಕೇ ಹೋಗ್ತಿತ್ತು. ಆ ವಾರವೇ ಬಂದು ಹಾಲುಕ್ಕಿಸಿದ.

ಮಾರನೇ ದಿನ ಅವನ ಬಾಗಿಲಿಗೆ ಮೊದಲು ಬಂದವನು ಪುಟ್ಟಮಾದ. ಜೊತೆಗೆ ದುಂಡಮ್ಮ, ಹಿಂದೆ ಅವಳ ತವರಿನ ಹಿಂಡು. ಸುಂಕದವನು ಬಗ್ಗಿ ಬಗ್ಗಿ ಮುದ್ದೆ ಬಡಿಸ್ತಾ, ಮೀಸೆಗೆ ಹತ್ತಿದ ಸಾರು ಒರೆಸಿಕೊಳ್ತಾ, ಮೆಲ್ಲಗೆ ಕೇಳಿದನಂತೆ:

“ಪುಟ್ಟಮಾದಣ್ಣ, ಈ ಊರಿನ ಸುಖ ನಮ್ಮ ಮಹಾರಾಜರಿಗೆ ಯಾರಾದ್ರೂ ಹೇಳಿದ್ದಾರಾ?”

ರಾಜ ಹೊಳೆ ದಾಟಿದನೋ ಇಲ್ಲವೋ ನಾ ಕಾಣೆ. ದುಂಡಮ್ಮನ ರಾಗಿ ಮೊಳಕೆ ಒಡೀತು, ನನ್ನ ಗಂಟಲು ಒಣಗಿತು. ಎಲೆಅಡಿಕೆ ತಟ್ಟೆ ಇತ್ತ ತಳ್ರಪ್ಪಾ.