ಫೋನಿಗೆ ನೀರು ಕುಡಿಸಿದ ಬೈಚ

ಕೋಲಾರದ ಕಡೆ ಒಂದೂರು. ಆ ಊರಲ್ಲಿ ಪಿಳ್ಳಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಬೈಚಪ್ಪ. ಆಳು ನೋಡಿದರೆ ಆನೆ, ಬುದ್ಧಿ ನೋಡಿದರೆ ಸೊನ್ನೆ. "ಕೂತ್ಕೋ" ಅಂದರೆ ಕೆಸರಲ್ಲೇ ಕೂತ. "ಹಾಲು ನೋಡ್ಕೋ" ಅಂದರೆ ಹಾಲು ಉಕ್ಕಿ ಒಲೆ ಆರುವ ತನಕ ನೋಡಿಕೊಂಡೇ ನಿಂತ.

"ಅಯ್ಯೋ, ನಾನು ಸತ್ತರೆ ನಿನ್ನ ಗತಿ ಏನೋ!" ಅಂತ ಪಿಳ್ಳಮ್ಮ ಹಣೆ ಚಚ್ಚಿಕೊಳ್ಳುವಳು.

ಮೊದಲೆಲ್ಲ ಅವಳು ಬಯಲಲ್ಲಿ ಟೊಮೆಟೊ ಬೆಳೆಯುತ್ತಿದ್ದಳು. ಬರಬರುತ್ತ ಕಾಲವೇ ಕಾಲವಾಗಿ ಉಳಿಯಲಿಲ್ಲ. ಮಳೆ ಬರಬೇಕಾದ ತಿಂಗಳಲ್ಲಿ ಬೆಂಕಿಯಂಥ ಬಿಸಿಲು, ಕಾಯಿ ಕಚ್ಚುವ ಹೊತ್ತಿಗೆ ಆಲಿಕಲ್ಲು. ಒಂದು ವರ್ಷ ಹೂವೆಲ್ಲ ಸೀದುಹೋಯಿತು, ಮರುವರ್ಷ ಹಣ್ಣೆಲ್ಲ ಕೊಳೆತುಹೋಯಿತು. ಇನ್ನೊಂದು ಸಲ ಹೀಗಾದರೆ ಬೇಸಾಯವೇ ಬಿಡಬೇಕು ಅನ್ನುವಾಗ ಪಿಳ್ಳಮ್ಮ ಮನಸ್ಸು ಗಟ್ಟಿ ಮಾಡಿ, ಹೊಲದಲ್ಲೊಂದು ಪಾಲಿಹೌಸ್ ಎಬ್ಬಿಸಿ, ಕ್ಯಾಪ್ಸಿಕಂ ನೆಟ್ಟಳು.

ಅದೇನು ಮನೆ ಅಂತೀರಿ! ಗೋಡೆಯ ಬದಲು ಬಲೆ, ಹೆಂಚಿನ ಬದಲು ಹಾಲುಬಣ್ಣದ ಪ್ಲಾಸ್ಟಿಕ್ಕು. ಬಿಸಿಲೇರಿದರೆ ಪರದೆ ತಾನೇ ಎಳೆದುಕೊಳ್ಳುತ್ತೆ. ಸೆಕೆಯಾದರೆ ಮೋಡವೇ ಇಲ್ಲದೆ ಮಂಜು ಸುರಿಯುತ್ತೆ. ಬೈಚ ಬಾಯಿ ಬಿಟ್ಟುಕೊಂಡು ನಿಂತ.

"ಅಮ್ಮ, ದೇವರು ಈ ಮನೇಲಿ ಬಾಡಿಗೆಗಿದಾನಾ?"

"ಸುಮ್ನಿರೋ ಬೆಪ್ಪೆ! ಇಲ್ಲಿ ಕೇಳು. ಮಣ್ಣಲ್ಲಿ ಒಂದು ಕಡ್ಡಿ ಚುಚ್ಚವ್ರೆ. ಗಿಡಕ್ಕೆ ಬಾಯಾರಿದ್ರೆ ಅದು ಫೋನಿಗೆ ಹೇಳುತ್ತೆ. ಫೋನು ಕೂಗುತ್ತೆ. ಕೂಗಿದ ತಕ್ಷಣ ನೀರು ಕೊಡು!"

"ಆಗ್ಲಮ್ಮ!"

ಪಿಳ್ಳಮ್ಮ ಮನೆಗೆ ಹೋಗಿ ಮುದ್ದೆ ತಿರುವಿ ಬಂದಳು. ಫೋನು ಎಲ್ಲಿ?

"ಕೂಗ್ತು ಕಣಮ್ಮ! ಪಾಪ, ಎಷ್ಟು ಬಾಯಾರಿತ್ತೋ! ಬಿಂದಿಗೇಲಿ ಮುಳುಗಿಸ್ದೆ. ಗುಳುಗುಳು ಅಂತ ಕುಡೀತು. ಈಗ ತಣ್ಣಗೆ ಮಲಗೈತೆ."

"ಅಯ್ಯೋ ಮಂಕೇ! ನೀರು ಫೋನಿಗಲ್ಲ, ಗಿಡಕ್ಕೆ! ಅದೂ ಹಿಂಗೆ ಬಿಂದಿಗೆಗಟ್ಟಲೆ ಅಲ್ಲ. ಏನು ಕೊಟ್ರೂ ಬುಡಕ್ಕೆ ಕೊಡ್ಬೇಕು, ಹನಿ ಹನಿಯಾಗಿ ಕೊಡ್ಬೇಕು!"

"ಆಗ್ಲಮ್ಮ! ಬುಡಕ್ಕೆ, ಹನಿ ಹನಿ. ಬುಡಕ್ಕೆ, ಹನಿ ಹನಿ."

ಮಾರನೇ ದಿನ ಹೊಸ ಫೋನು ಹಿಡಿದು ಮುರಳೀಧರ ಬಂದ. ಪಾಲಿಹೌಸಿನ ಪೈಪು, ಮೋಟಾರು ಜೋಡಿಸಿಕೊಟ್ಟವನು ಅವನೇ. ಬಿಸಿಲಲ್ಲಿ ಬೆಂದು ಬಂದವನು ಚಪ್ಪಲಿ ಬಿಟ್ಟು ಜಗಲಿ ಮೇಲೆ ಕುಸಿದ.

"ಬೈಚಾ, ಅಣ್ಣಂಗೆ ಮಜ್ಜಿಗೆ ಕೊಡೋ!" ಅಂತ ಪಿಳ್ಳಮ್ಮ ಒಳಗಿಂದಲೇ ಕೂಗಿದಳು.

ಸ್ವಲ್ಪ ಹೊತ್ತಾಯಿತು. ಹೊರಗಿಂದ "ಏಯ್! ಏನಯ್ಯಾ ಇದು!" ಅಂತ ಕೇಳಿಸಿತು. ಓಡಿ ಬಂದು ನೋಡಿದರೆ, ಬೈಚ ಮುರಳೀಧರನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಪಾದಕ್ಕೆ ಮಜ್ಜಿಗೆ ತೊಟ್ಟಿಕ್ಕಿಸುತ್ತಿದ್ದಾನೆ!

"ಅಲ್ಲಾಡ್ಬೇಡ ಅಣ್ಣ! ಬುಡಕ್ಕೆ ಕೊಟ್ರೇ ಮೇಲಕ್ಕೆ ಏರೋದು!"

"ಅಯ್ಯೋ ಮಾನಗೇಡಿ! ಬಾಗಿಲಿಗೆ ಬಂದೋರನ್ನ ಹಿಂಗಾ ನೋಡ್ಕೊಳ್ಳೋದು? ಒಳಕ್ಕೆ ಕರೀಬೇಕು, ನೆರಳಲ್ಲಿ ಕೂರಿಸ್ಬೇಕು, ಹೊಟ್ಟೆ ತುಂಬ ತಿನ್ನಿ ಅನ್ಬೇಕು!"

"ಆಗ್ಲಮ್ಮ! ಒಳಕ್ಕೆ, ನೆರಳಿಗೆ, ಹೊಟ್ಟೆ ತುಂಬ."

ಇನ್ನೊಂದು ದಿನ ಪಿಳ್ಳಮ್ಮ ಕ್ಯಾಪ್ಸಿಕಂ ಹೇರಿಕೊಂಡು ಮಾರ್ಕೆಟ್ಟಿಗೆ ಹೋದಳು. ಬೈಚ ಪಾಲಿಹೌಸಿನ ಬಾಗಿಲಲ್ಲಿ ಕೂತ. ಬಂದವಲ್ಲ ಪಕ್ಕದ ಹೊಲದ ಅಕ್ಕಯಮ್ಮನ ಆಡುಗಳು! ಬಾಗಿಲಿಗೇ ಬಂದವು, ಮ್ಯಾ ಅಂದವು. ಪಿಳ್ಳಮ್ಮ ತಿರುಗಿ ಬರುವ ಹೊತ್ತಿಗೆ ಒಂದು ಸಾಲು ಗಿಡ ಬರೀ ಮೋಟು. ಆಡುಗಳು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಬೈಚ ಕೈಮುಗಿದು, "ಇನ್ನೊಂದು ಸ್ವಲ್ಪ ತಿನ್ನಿ, ನಾಚ್ಕೋಬೇಡಿ" ಅನ್ನುತ್ತಿದ್ದ.

"ಅಯ್ಯಯ್ಯೋ! ಬಿಸಿಲಿಂದ ಕಾಪಾಡ್ದೆ, ಆಲಿಕಲ್ಲಿಂದ ಕಾಪಾಡ್ದೆ, ನಿನ್ನಿಂದ ಹೆಂಗಪ್ಪಾ ಕಾಪಾಡ್ಲಿ! ಇನ್ಮೇಲೆ ಈ ಬಾಗಿಲಿಗೆ ಚಿಲಕ! ಯಾರು ಬಡಿದ್ರೂ ತೆಗೀಬೇಡ, ಯಾರು ಕೂಗಿದ್ರೂ ತೆಗೀಬೇಡ!"

"ಆಗ್ಲಮ್ಮ! ಚಿಲಕ. ತೆಗೀಬೇಡ. ಚಿಲಕ. ತೆಗೀಬೇಡ."

ಅದಾಗಿ ಕೆಲವು ದಿನಕ್ಕೆ ಪಿಳ್ಳಮ್ಮ ಗಿಡಕ್ಕೆ ದಾರ ಕಟ್ಟಲು ಒಳಗೆ ಹೋದಳು. ಹಿಂದೆಯೇ ಟಕ್ ಅಂತ ಶಬ್ದ.

"ಬೈಚಾ! ಚಿಲಕ ತೆಗಿಯೋ!"

"ಯಾರದು?"

"ನಿಮ್ಮಮ್ಮ ಕಣೋ!"

"ಯಾರು ಕೂಗಿದ್ರೂ ತೆಗೀಬೇಡ ಅಂತ ನಮ್ಮಮ್ಮನೇ ಹೇಳವ್ಳೆ!"

ಕೂಗಿದಳು, ಬೈದಳು, ಬೇಡಿದಳು. ಊಹೂಂ. ಸಾಕಾಗಿ ಗಿಡಗಳ ನಡುವೆ ಕೂತಳು. ಈ ಮನೆ ಕಟ್ಟಿಸಿದ್ದು ಅವಳೇ, ಇದರಲ್ಲಿ ದುಡಿದದ್ದು ಅವಳೇ, ಆದರೆ ಸುಮ್ಮನೆ ಒಂದು ಗಳಿಗೆ ಇಲ್ಲಿ ಕೂತವಳಲ್ಲ. ಬಲೆಯಾಚೆ ಎಕ್ಕದ ಗಿಡವೂ ಬಿಸಿಲಿಗೆ ಜೋತುಬಿದ್ದಿತ್ತು. ಆಗ ನೆತ್ತಿಯ ಮೇಲೆ ಪರದೆ ಸರ್ರನೆ ಸರಿಯಿತು. ಯಾರೂ ಎಳೆದಿರಲಿಲ್ಲ. ಉಸ್ ಅಂತ ಮಂಜು ಇಳಿಯಿತು. ಅವಳ ನರೆಗೂದಲ ಮೇಲೆ ಕೂತಿತು, ಎಲೆ ಎಲೆಯ ಮೇಲೂ ಕೂತಿತು. ಆಡು ತಿಂದು ಬಿಟ್ಟ ಮೋಟುಗಳಲ್ಲಿ ಅಕ್ಕಿಕಾಳಿನಷ್ಟು ಚಿಗುರು! ಹೊರಗೆ ಲೋಕ ಸುಡುತ್ತಿದೆ, ಇಲ್ಲಿ ಚಿಗುರು ಉಸಿರಾಡುತ್ತಿದೆ. ಪಿಳ್ಳಮ್ಮನ ಸಿಟ್ಟು ಎಲ್ಲಿ ಹೋಯಿತೋ! ತನಗೇ ತಿಳಿಯದೆ ಎರಡು ಕೈಯೂ ಕೂಡಿಕೊಂಡವು.

ಅಷ್ಟರಲ್ಲಿ ಚಾವಣಿ ಮೇಲೆ ಟಪ್ ಅಂದಿತು. ಟಪ್, ಟಪಟಪ, ಧೋ! ಮಂಜಲ್ಲ, ಮಳೆ! ಊರೇ ಮರೆತಿದ್ದ ಮಳೆ! ತಲೆಗೆ ಗೋಣಿಯ ಗೊಪ್ಪೆ ಹಾಕಿಕೊಂಡು, ಆಡುಗಳನ್ನು ಅಟ್ಟಿಕೊಂಡು ಓಡಿ ಬಂದ ಅಕ್ಕಯಮ್ಮ ಚಿಲಕ ತೆಗೆದಳು. ಪಿಳ್ಳಮ್ಮ ಮಳೆಗೇ ಓಡಿ ಬಂದಳು.

"ಬೈಚಾ, ಮಳೆ ಕಣೋ! ಚಾವಣಿ ನೀರೆಲ್ಲ ಪೈಪಲ್ಲಿ ಇಳಿದು ಪಕ್ಕದಲ್ಲಿ ತೋಡಿಸಿರೋ ಹೊಂಡಕ್ಕೆ ಹೋಗ್ಬೇಕು. ಬಿದ್ದ ಮಳೆ ಒಂದು ಹನೀನೂ ಆಚೆಗೆ ಬಿಡ್ಬೇಡ!"

"ಆಗ್ಲಮ್ಮ! ಬಿದ್ದ ಮಳೆಯೆಲ್ಲ ಹೊಂಡಕ್ಕೆ."

ಅವನು ಆಡುಗಳ ಗಡ್ಡ ಹಿಂಡಿದ. ಅಕ್ಕಯಮ್ಮನ ಗೊಪ್ಪೆ ಕಿತ್ತು ಹಿಂಡಿದ. ಅಷ್ಟಕ್ಕೇ ಬಿಟ್ಟನೇ? ನೆಂದು ನಿಂತಿದ್ದ ತಾಯಿಯನ್ನು ಮಗುವಿನಂತೆ ಎತ್ತಿಕೊಂಡು, ಮೊಣಕಾಲುದ್ದ ನೀರು ನಿಂತಿದ್ದ ಹೊಂಡಕ್ಕಿಳಿದು, ಮೆತ್ತಗೆ ಕೂರಿಸಿಬಿಟ್ಟ!

"ನಿನ್ನ ಮೇಲೂ ಎಷ್ಟೊಂದು ಬಿದ್ದಿತ್ತಮ್ಮ!"

ಬೈಯಲು ಪಿಳ್ಳಮ್ಮ ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಉಳಿಯಿತು. ಚಾವಣಿಯ ಎರಡೂ ಪೈಪುಗಳಿಂದ ಆನೆ ಸೊಂಡಿಲಿನಂಥ ನೀರು ಹೊಂಡಕ್ಕೆ ಧುಮುಕುತ್ತಿತ್ತು. ವರ್ಷವೆಲ್ಲ ಗಿಡ ಕುಡಿಯುವ ನೀರು! ಬೈಗುಳ ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ನೋಡೋ ಮಗನೇ," ಅಂದಳು, "ಆಕಾಶಾನೇ ಕಳಚಿ ಬೀಳ್ತಾ ಐತೆ!"

ಬೈಚ ಬೆಚ್ಚಿ ಮೇಲೆ ನೋಡಿದ. ಒಂದೇ ನೆಗೆತಕ್ಕೆ ದಡ ಹತ್ತಿ, ಕಾಲು ಅಗಲಿಸಿ, ಎರಡೂ ಕೈ ಮೇಲಕ್ಕೆತ್ತಿ ಹಲ್ಲು ಕಚ್ಚಿ ನಿಂತ.

"ಅಮ್ಮ, ನೀನು ಗಿಡ ನೋಡ್ಕೋ! ಇದನ್ನ ನಾನು ಹಿಡ್ಕೊಂಡಿರ್ತೀನಿ!"

ಮಳೆ ನಿಂತರೂ ಅವನು ಕೈ ಇಳಿಸಲಿಲ್ಲ. ದಾರೀಲಿ ಹೋಗುವವರು, "ಏನೋ ಬೈಚ, ಏನ್ಮಾಡ್ತಾ ಇದೀಯ?" ಅಂತ ಕೇಳಿದರೆ, ಮುಖವೆಲ್ಲ ಕೆಂಪಾಗಿಸಿಕೊಂಡು ಅಂದನಂತೆ:

"ಮಾತಾಡಿಸ್ಬೇಡಿ, ಭಾರ ಐತೆ!"