ಚುಕ್ಕಿ ತಂದ ಚೀಟಿ

ದಂಡಿನಲ್ಲಿ ಸುದ್ದಿ ಮುಟ್ಟಿಸೋ ಪಡೆಯೊಂದಿತ್ತು. ಆ ಪಡೆಯಲ್ಲಿ ಚುಕ್ಕಿ ಅಂತ ಒಂದು ಪಾರಿವಾಳ. ಗುಡ್ಡದ ಮೇಲೆ ಶತ್ರುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದ ಸಿಪಾಯಿಗಳು, "ಬೇಗ ಸಹಾಯ ಕಳಿಸಿ" ಅಂತ ಚೀಟಿ ಬರೆದು, ಅದರ ಕಾಲಿಗೆ ಕಟ್ಟಿ ಹಾರಿಬಿಟ್ಟರು. ಗುಂಡಿನ ಮಧ್ಯೆ ರೆಕ್ಕೆ ಸುಟ್ಟುಕೊಂಡು ಚುಕ್ಕಿ ಬಿಡಾರಕ್ಕೆ ಬಂದರೆ, ಅಲ್ಲಿ ಡೇರೆಗಳೂ ಇಲ್ಲ, ತನ್ನ ಗೂಡೂ ಇಲ್ಲ. ಒಡೆದ ಟೆಲಿಫೋನೊಂದು ಮಣ್ಣಲ್ಲಿ ಬಿದ್ದಿತ್ತು.

"ಟೆಲಿಫೋನಣ್ಣ, ಎಲ್ಲರೂ ಎಲ್ಲಿ ಹೋದ್ರು?"

"ಹೊಳೆ ಆಚೆಗೆ ಬಿಡಾರ ಬದಲಾಯಿಸಿದ್ರು ಕಣಮ್ಮ. ಇಡೀ ದಂಡಿಗೆ ನಾನೇ ಸುದ್ದಿ ಮುಟ್ಟಿಸಿದೆ. ಆಮೇಲೆ ನನ್ನ ತಂತಿ ಸುತ್ಕೊಂಡು ಹೋದ್ರು."

"ನಂಗ್ಯಾಕೆ ಯಾರೂ ಹೇಳಲಿಲ್ಲ?"

"ನಿನ್ನ ಗೂಡು ಹೊತ್ಕೊಂಡು ಹೋದ್ರಲ್ಲ, ಅದರ ಹಿಂದೆ ನೀನೂ ಬರ್ತೀಯ ಅಂದ್ಕೊಂಡ್ರು. ಆಚೆ ದಡ ಅಷ್ಟೇ, ಹಾರಿಬಿಡು."

"ಹೇಗಣ್ಣ? ಎಲ್ಲಿಂದ ಬಿಟ್ಟರೂ ನಾನು ಇಲ್ಲಿಗೇ ಬರ್ತೀನಿ. ಬೇರೆ ದಾರಿ ನಂಗೆ ಕಲಿಸಿಲ್ಲ."

ಗುಡ್ಡದ ಕಡೆ ಗುಂಡಿನ ಸದ್ದು ಕಡಿಮೆ ಆಗ್ತಾ ಬಂತು. ಚುಕ್ಕಿ ಗೂಡಿದ್ದ ಜಾಗದಲ್ಲೇ ಕೂತು, ಯಾರಾದರೂ ಬಂದು ಚೀಟಿ ಬಿಚ್ಚಿಕೊಳ್ಳಲಿ ಅಂತ ಕಾಲು ಮುಂದೆ ಚಾಚಿತು. ಸದ್ದು ಪೂರ್ತಿ ನಿಂತ ಮೇಲೂ ಆ ಕಾಲನ್ನ ಹಿಂದಕ್ಕೆ ತಗೊಳ್ಳಲಿಲ್ಲ.