ಜ್ವರ ಇಳಿದರೂ ಕೆಮ್ಮು ಉಳಿದದ್ದು ಯಾಕೆ?

ಲೋಕ ಇನ್ನೂ ಹೊಸದಾಗಿತ್ತು, ಮಕ್ಕಳೇ. ಆಕಾಶಕ್ಕೆ ಬಳಿದ ನೀಲಿ ಹಸಿಹಸಿಯಾಗಿತ್ತು. ಮುಟ್ಟಬೇಡಿ ಅಂದರೂ ಮುಟ್ಟಿದ ಧೀರ ಈ ನಿಮ್ಮ ಮಾವನೊಬ್ಬನೇ. ಬೇಕಾದರೆ ನಿಮ್ಮತ್ತೆಯನ್ನು ಕೇಳಿ.

ಆಗ ಹೊನ್ನಿ ಎಂಬ ಮಗುವಿನ ಎದೆಯೊಳಗೆ ಗಾಳಿಯಣ್ಣ ಓಡಾಡುವ ಓಣಿಯೊಂದಿತ್ತು. ಅದರ ಉದ್ದಕ್ಕೂ ಪುಟ್ಟ ಪುಟ್ಟ ಜೀವಕೋಶಗಳ ಮನೆಗಳು. ಮನೆಯೊಡತಿ ಒಬ್ಬೊಬ್ಬಳ ನೆತ್ತಿಯಲ್ಲೂ ಕೂದಲಿನಂತೆ ಮೂಡಿದ ಪೊರಕೆ. ಧೂಳು ಬರುವುದು, ಇವರು ಗುಡಿಸುವುದು. ಮತ್ತೆ ಬರುವುದು, ಮತ್ತೆ ಗುಡಿಸುವುದು. ಇವರನ್ನೆಲ್ಲ ಹೆತ್ತವಳು ಓಣಿಯ ತಳದಲ್ಲಿ ಮಲಗಿರುವ ಬುಡದಜ್ಜಿ.

ಒಂದು ದಿನ ಗಾಳಿಯಣ್ಣನ ಬೆನ್ನಿಗೆ ಅಂಟಿಕೊಂಡು ಫ್ಲೂ ಎಂಬ ಕಳ್ಳ ಬಂದ. ಸಣ್ಣಿ ಎಂಬುವಳ ಮನೆಗೆ ನುಗ್ಗಿ, ಅವಳ ಹಿಟ್ಟಿನಲ್ಲೇ ತನ್ನಂಥ ಕಳ್ಳರನ್ನು ಮಾಡತೊಡಗಿದ.

"ಅಕ್ಕಾ, ಕದ ಹಾಕ್ಕೊಳ್ಳಿ! ನನ್ನ ಹತ್ತಿರ ಬರಬೇಡಿ!" ಸಣ್ಣಿ ಕೂಗಿದಳು.

ಪಕ್ಕದವಳು ಕದ ಹಾಕಿದಳು. ಅವಳ ಪಕ್ಕದವಳೂ ಹಾಕಿದಳು. ಸಣ್ಣಿಯೂ ಹಾಕಿಕೊಂಡಳು, ಕಳ್ಳರನ್ನು ಒಳಗೇ ಇಟ್ಟುಕೊಂಡು. ಆಮೇಲೆ ಅವಳ ದನಿ ಕೇಳಲಿಲ್ಲ.

ಓಣಿಯವರು ಅತ್ತರು. ಅತ್ತವರೇ ಸಿಟ್ಟಿನಿಂದ ಬೆಂಕಿ ಹಚ್ಚಿದರು. ಸಣ್ಣಿ ಕದ ಹಾಕುವ ಮೊದಲೇ ಹೊರಬಿದ್ದಿದ್ದ ಕಳ್ಳರೆಲ್ಲ ಸುಟ್ಟುಹೋದರು. ಬೆಂಕಿ ಮಾತ್ರ ನಿಲ್ಲಲಿಲ್ಲ. ಹೊನ್ನಿಯ ಮೈ ಕೆಂಡವಾಯಿತು. ಓಣಿ ಊದಿಕೊಂಡಿತು.

ಗಾಳಿಯಣ್ಣ ಬಾಗಿಲಲ್ಲೇ ಬಿಕ್ಕಿದ: "ದಾರಿ ಬಿಡ್ರಮ್ಮಾ. ನಾನು ಒಳಗೆ ಹೋಗದಿದ್ದರೆ ಮಗು ಉಳಿಯೋಲ್ಲ."

"ನಮ್ಮ ಸಣ್ಣಿಯನ್ನು ಕೊಂದವರನ್ನು ಬಿಡೋದಾ?" ಪಕ್ಕದವಳು ಅಬ್ಬರಿಸಿದಳು.

ಬುಡದಜ್ಜಿ ಎದ್ದು ಕೂತಳು. "ಕಳ್ಳರು ಆಗಲೇ ಸತ್ತರಲ್ಲೇ. ಈಗ ಯಾರನ್ನು ಸುಡ್ತಾ ಇದೀಯ? ಸಣ್ಣಿ ಕದ ಹಾಕಿಕೊಂಡದ್ದು ಈ ಮಗುವಿನ ಉಸಿರಿಗಾಗಿ. ಸಾಕು ಮಗಳೇ, ಆರಿಸು."

ಪಕ್ಕದವಳೇ ಮೊದಲು ನೀರು ಸುರಿದಳು. ಆಮೇಲೆ ಒಬ್ಬೊಬ್ಬರೇ. ಗಾಳಿಯಣ್ಣ ಮೆಲ್ಲಗೆ ಒಳಗೆ ಬಂದ. ಹೊನ್ನಿ ಕಣ್ಣು ಬಿಟ್ಟಳು.

ಸಣ್ಣಿಯ ಜಾಗಕ್ಕೆ ಅಜ್ಜಿ ಹೊಸ ಕೂಸೊಂದನ್ನು ಹೆತ್ತು ಕಳಿಸಿದಳು. ಧೂಳು ಬಂತು. ಕೂಸು ನೆತ್ತಿ ಮುಟ್ಟಿ ನೋಡಿಕೊಂಡಿತು: "ಗಾಳಿಯಣ್ಣಾ, ನನಗಿನ್ನೂ ಪೊರಕೆ ಮೂಡಿಲ್ಲ. ನೀನೇ ಜೋರಾಗಿ ಊದಿಬಿಡೋ!"

ಗಾಳಿಯಣ್ಣ ಊದಿದ. ಖಳ್! ಖಳ್!

ಅದಕ್ಕೇ ಮಕ್ಕಳೇ, ಜ್ವರ ಇಳಿದ ಮೇಲೂ ನಿಮಗೆ ಕೆಲವು ದಿನ ಕೆಮ್ಮು ಬರುತ್ತದೆ: ಸಣ್ಣಿಯ ಜಾಗದ ಕೂಸಿಗೆ ಪೊರಕೆ ಮೂಡುವ ತನಕ, ಅವಳ ಓಣಿಯನ್ನು ಗಾಳಿಯಣ್ಣನೇ ಗುಡಿಸುತ್ತಾನೆ.